ಗುಂಯ್ ಹೋದ ಶ್ರಾವಣ

ನವಸಾಗರದ ಹೊಗೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮೊನ್ನೆ ಬೀದರಿನ ಚೌಬಾರಾದ ಹಿಂದಿನ ಓಣಿಯಲ್ಲಿ ಕಲಾಯಿಯವನೊಬ್ಬ ತಿದಿ ಒತ್ತುತ್ತ ಕುಳಿತಿದ್ದ. ಕಾದ ಹಿತ್ತಾಳೆ ಹಂಡೆಯೊಳಗೆ ನವಸಾಗರವೆಂಬ ಉಪ್ಪಿನ ಪುಡಿ ಉದುರಿಸಿದ ಕೂಡಲೇ ಬಿಳಿ ಹೊಗೆ ಎದ್ದಿತು. ದಾರಿಯಲ್ಲಿದ್ದವರು ಕೆಮ್ಮುತ್ತ ಸೆರಗು, ರುಮಾಲು ಮೂಗಿಗೆ ಹಿಡಿದರು. ನಾನು ಹಲ್ಲು ಕಚ್ಚಿದೆ. ಎಪ್ಪತ್ತು ದಾಟಿದ ಮೇಲೂ ಕಚ್ಚಲು ಹಲ್ಲು ಉಳಿದಿವೆ ಎನ್ನುವುದೇ ಒಂದು ಸಮಾಧಾನ.

ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಆಗಿಲ್ಲ. ನಿಜಾಮ ಸರಕಾರದ ಕಾಲದಲ್ಲಿ, ಭಾಲ್ಕಿಯಲ್ಲಿ, ಒಂದು ಮಳೆಗಾಲದಲ್ಲಿ ನಾನು ಒಬ್ಬನ ಮೇಲೆ ಸೇಡು ತೀರಿಸಿಕೊಂಡೆ. ಚೆನ್ನಾಗಿಯೇ ತೀರಿಸಿಕೊಂಡೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಊರು ಔರಾದ ತಾಲೂಕಿನ ಡಾಬಕಾ. ಔರಾದಿನ ಉರ್ದು ಸಾಲೆಯಲ್ಲಿ ನಾಲ್ಕು ಅಕ್ಷರ ಕಲಿತು ಹೈದರಾಬಾದಿಗೆ ಹೋಗಿ ಅಲ್ಲಿಯ ಒಂದು ರೇಡಿಯೋ ಅಂಗಡಿಯಲ್ಲಿ ಐದು ವರ್ಷ ವಾಲ್ವು, ಕಾಯಿಲ್ಲುಗಳ ಜೊತೆ ತಲೆ ಒಡೆದುಕೊಂಡು ತಿರುಗಿ ಬಂದೆ. ರೇಡಿಯೋ ಬಿಚ್ಚಿ ಮತ್ತೆ ಮುಚ್ಚಬಲ್ಲವನು ಆಗ ನಮ್ಮ ಕಡೆ ನಾನೊಬ್ಬನೇ ಇದ್ದೆ. ಮೊದಲು ನನ್ನನ್ನು ಜಾದೂಗಾರ ಎಂದರು, ಆಮೇಲೆ ಕಳ್ಳ ಎಂದರು. ಎರಡೂ ಮಾತು ಬಂದದ್ದು ಭಾಲ್ಕಿಯಿಂದಲೇ.

ಭಾಲ್ಕಿಯಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ಚನ್ನಬಸಪ್ಪ ಸಾವಕಾರರು ಆ ವರ್ಷ ಹೈದರಾಬಾದಿನಿಂದ ಒಂದು ಧ್ವನಿವರ್ಧಕ ತರಿಸಿದ್ದರು. ಶ್ರಾವಣದಲ್ಲಿ ಹತ್ತಿ ಇರುವುದಿಲ್ಲ. ಗಿರಣಿಯ ಅಂಗಳವೂ ಖಾಲಿ, ಇಂಜಿನ್ನೂ ಖಾಲಿ. ತಿಂಗಳಿಡೀ ಅಲ್ಲಿ ಸ್ವಾಮಿಗಳಿಂದ ಶರಣರ ಪುರಾಣ ಹೇಳಿಸಬೇಕು, ಅದು ಊರಿಗೆಲ್ಲ ಕೇಳಬೇಕು ಎಂಬುದು ಅವರ ಆಸೆ. ಆದರೆ ಊರಿನಲ್ಲಿ ವಿದ್ಯುತ್ತೆಂದರೆ ಗಿರಣಿಯ ಎಣ್ಣೆ ಇಂಜಿನ್ನು ತಿರುಗಿಸುತ್ತಿದ್ದ ಡೈನಮೋ ಒಂದೇ. ಅದಕ್ಕೆ ಜೋಡಿಸಿದರೆ ಹಾರ್ನಿನಲ್ಲಿ ಮಾತು ಬರುವ ಮೊದಲೇ ಗುಂಯ್ ಎನ್ನುವ ಸದ್ದು ಬಂದು ಅಂಗಳವನ್ನೆಲ್ಲ ತುಂಬಿಬಿಡುತ್ತಿತ್ತು. ಸಾವಕಾರರು ನನ್ನನ್ನು ಕರೆಸಿದರು.

ರೋಗ ಸುಲಭದ್ದು, ಮದ್ದು ಕಷ್ಟದ್ದು. ಇಂಜಿನ್ನು ಒಂದೊಂದು ಸಲ ಧಡ್ ಎಂದಾಗಲೂ ಡೈನಮೋದ ವೋಲ್ಟೇಜು ಏರುತ್ತದೆ, ಇಳಿಯುತ್ತದೆ. ಮೈಕಿನಿಂದ ಬರುವ ದನಿ ಬಹಳ ಸಣ್ಣದು. ಮೊದಲನೆಯ ವಾಲ್ವು ಅದನ್ನು ದೊಡ್ಡದು ಮಾಡುವಾಗ ಈ ಏರಿಳಿತವನ್ನೂ ಹಿಡಿದು ದೊಡ್ಡದು ಮಾಡುತ್ತದೆ. ಆದ್ದರಿಂದ ಆ ವಾಲ್ವಿಗೆ ಅಲುಗಾಡದ ವೋಲ್ಟೇಜು ಕೊಡಬೇಕು. ನಾನು ಕಬ್ಬಿಣದ ಪಟ್ಟಿಗಳ ಮೇಲೆ ತಂತಿ ಸುತ್ತಿ ಕಾಯಿಲ್ಲು ಮಾಡಿದೆ, ಕಂಡೆನ್ಸರುಗಳನ್ನು ಸಾಗವಾನಿ ಪೆಟ್ಟಿಗೆಯಲ್ಲಿ ಜೋಡಿಸಿ ಸುತ್ತ ಮೇಣ ಹೊಯ್ದೆ, ಎಲ್ಲದರ ಕೊನೆಗೆ ಅನಿಲ ತುಂಬಿದ ಒಂದು ದೀಪ ತರಿಸಿ ಕೂಡಿಸಿದೆ. ಬೆಳಕಿಗಾಗಿ ಇರುವ ದೀಪವಲ್ಲ ಅದು. ಒಳಗೆ ನೇರಳೆ ಬಣ್ಣದ ಮಂಕು ಹೊಳಪು ಅಷ್ಟೆ. ಹಿಂದಿನಿಂದ ವೋಲ್ಟೇಜು ಎಷ್ಟೇ ಕುಣಿದರೂ ಮುಂದಕ್ಕೆ ಒಂದೇ ಮಟ್ಟದಲ್ಲಿ ಬಿಡುತ್ತದೆ. ಕೊಡ ಹೊತ್ತ ಹೆಂಗಸು ಕಲ್ಲುದಾರಿಯಲ್ಲಿ ನಡೆದರೂ ತಲೆಯ ಮೇಲಿನ ನೀರು ತುಳುಕದ ಹಾಗೆ.

ಗಿರಣಿಯ ಇಂಜಿನ್ ಮಿಸ್ತ್ರಿ ನಾಗನಾಥ ನನಗಿಂತ ಹತ್ತು ವರ್ಷ ದೊಡ್ಡವನು. ಅಣ್ಣಾ ಎಂದು ಕರೆಯುತ್ತಿದ್ದೆ. ಗಿರಣಿ ಕೊಟ್ಟ ಎರಡು ಖೋಲಿಯ ಮನೆಯಲ್ಲಿ ಅವನೂ ಅವನ ಹೆಂಡತಿ ಗೌರಾಬಾಯಿಯೂ ಇದ್ದರು. ಅವನು ಅಣ್ಣನಾದ ಮೇಲೆ ಆಕೆ ನನಗೆ ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿ. ಚಳಿಗಾಲದ ನಾಲ್ಕು ತಿಂಗಳು ನಾನು ಉಂಡದ್ದು ಆ ವೈನಿಯ ಕೈಯ ರೊಟ್ಟಿ, ಹಿಂಡಿಪಲ್ಯೆ. ಅಷ್ಟೇ ಅಲ್ಲ, ನನ್ನ ಯಂತ್ರಕ್ಕೆ ಕಿವಿಯಾದವಳೂ ಆಕೆಯೇ. ಇಂಜಿನ್ನಿನ ಪಕ್ಕ ಬದುಕಿ ನಾಗನಾಥನ ಕಿವಿ ಮಂದವಾಗಿತ್ತು, ನನ್ನ ಕಿವಿಗೆ ದಿನವಿಡೀ ಕೇಳಿ ಕೇಳಿ ಗುಂಯ್ ರೂಢಿಯಾಗಿಬಿಟ್ಟಿತ್ತು. ವೈನಿ ಹಿಟ್ಟಿನ ಕೈಯಲ್ಲೇ ಬಂದು ಹಾರ್ನಿನ ಕೆಳಗೆ ಕತ್ತು ಓರೆ ಮಾಡಿ ನಿಲ್ಲುತ್ತಿದ್ದಳು.

"ಏನು ಕೇಳಸ್ತದರಿ ವೈನಿ?"

"ಅದ ತಮ್ಮಾ, ಇನ್ನಾ ಅದ. ದೂರದಾಗ ಜೇನು ಹಾರಿದಂಗ."

ಒಮ್ಮೆ ನಾನು ಅತಿಬುದ್ಧಿವಂತಿಕೆಯಿಂದ ಆ ದೀಪಕ್ಕೆ ಅಡ್ಡಲಾಗಿ ದೊಡ್ಡ ಕಂಡೆನ್ಸರು ಹಾಕಿದೆ. ಇದ್ದ ಸದ್ದೂ ಸಾಯುತ್ತದೆ ಎಂದು ನನ್ನ ಎಣಿಕೆ. ಸಾಯುವುದಿರಲಿ, ದೀಪ ಮಿಣಮಿಣ ಕಣ್ಣು ಹೊಡೆಯತೊಡಗಿತು, ಹಾರ್ನು ಟಕ್ ಟಕ್ ಟಕ್ ಎಂದು ಕೋಳಿಯ ಹಾಗೆ ಕುಕ್ಕತೊಡಗಿತು. ಎಂಟು ದಿನ ಎಲ್ಲ ಬಿಚ್ಚಿ ಎಲ್ಲ ಕಟ್ಟಿದೆ. ಕೊನೆಗೆ ವೈನಿ ಕೇಳಿದಳು, "ಕಡೀಕ ಏನು ಹಾಕಿದ್ದಿ?" ಹೇಳಿದೆ. "ಹಂಗಾರ ಅದನ್ನ ತಗಿ. ಸಾರಿಗಿ ಉಪ್ಪು ಹೆಚ್ಚಾದ್ರ ನಾವು ಮತ್ತಷ್ಟು ಉಪ್ಪು ಹಾಕ್ತೇವೇನು?" ತೆಗೆದೆ, ಕುಕ್ಕುವುದು ನಿಂತಿತು. ಅದರ ಕಾರಣವನ್ನು ನಾನು ಅನಂತರ ಪುಸ್ತಕದಲ್ಲಿ ಓದಿದೆ. ವೈನಿಗೆ ಪುಸ್ತಕ ಬೇಕಾಗಿರಲಿಲ್ಲ. ಆದರೂ ಆ ದೂರದ ಜೇನು ಮಾತ್ರ ಹೋಗಲೇ ಇಲ್ಲ. "ನಿಮ್ಮ ಬಾಯಿಂದ ಗುಂಯ್ ಹೋತು ಅನ್ನಿಸದಿದ್ರ ನಾ ಧೂಳಪ್ಪನೇ ಅಲ್ಲ" ಎಂದು ನಾನು, "ನೋಡೋಣು ತಗೋ" ಎಂದು ಆಕೆ.

ಹೋಳಿಗೆ ನಾನು ಡಾಬಕಾಕ್ಕೆ ಹೋದೆ. ತಿರುಗಿ ಬಂದಾಗ ಗಿರಣಿಯ ಬಾಗಿಲಲ್ಲಿ ಪೊಲೀಸ್ ಅಮೀನ ಸಾಹೇಬರು ಇಬ್ಬರು ಜವಾನರೊಡನೆ ನನ್ನ ದಾರಿ ಕಾಯುತ್ತಿದ್ದರು. ಪೆಟ್ಟಿಗೆಯಲ್ಲಿ ದೀಪ ಇರಲಿಲ್ಲ, ಅದು ಕೂಡುವ ಬುಡವೂ ಇರಲಿಲ್ಲ. ಬುಡ ಸಮೇತ ಕಿತ್ತುಕೊಂಡು ಹೋಗಿದ್ದಾನೆ, ಹೈದರಾಬಾದಿನಲ್ಲಿ ಮಾರಿರುತ್ತಾನೆ ಎಂದು ದೂರು. ನಾನು ನಕ್ಕುಬಿಟ್ಟೆ. ದೀಪ ಕದಿಯುವವನು ಬುಡ ಯಾಕೆ ಕೀಳುತ್ತಾನೆ, ತಿರುವಿದರೆ ಕೈಗೆ ಬರುತ್ತದೆ ಎಂದೆ. ಯಾರಿಗೂ ತಿಳಿಯಲಿಲ್ಲ. ತಿಳಿಯಬಲ್ಲವನು ನಾಗನಾಥ ಒಬ್ಬನೇ. ನಾನು ಅವನ ಕಡೆ ನೋಡಿದೆ. ಅವನು ಅಮೀನರ ಬೂಟು ನೋಡುತ್ತ ಹೇಳಿದ, "ಕಡೀಕ ಪೆಟ್ಟಿಗಿ ಮುಟ್ಟಿದಾಂವ ಇವನೇರಿ. ನನಗ ಮತ್ತೇನೂ ಗೊತ್ತಿಲ್ಲರಿ."

ನನ್ನ ತಲೆಯ ರುಮಾಲು ಬಿಚ್ಚಿ ಅದರಿಂದಲೇ ನನ್ನ ಕೈ ಕಟ್ಟಿದರು. ಗಿರಣಿಯಿಂದ ಪೊಲೀಸ್ ಚೌಕಿಗೆ ಹೋಗಲು ಬಜಾರದ ಒಂದೇ ರಸ್ತೆ. ಬರಿದಲೆಯಲ್ಲಿ ನಡೆಸಿಕೊಂಡು ಹೋದರು. ಎರಡೂ ಬದಿಯ ಅಂಗಡಿಗಳಲ್ಲಿ ಜನ ತಕ್ಕಡಿ ಕೆಳಗಿಟ್ಟು ಎದ್ದು ನಿಂತು ನೋಡಿದರು. ಹೊರಡುವಾಗ ವೈನಿ ಬಾಗಿಲಲ್ಲಿ ನಿಂತಿದ್ದಳು. "ವೈನಿ, ನೀವಾದ್ರೂ ಹೇಳ್ರಿ" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.

ಏನೂ ಸಿಗಲಿಲ್ಲವೆಂದು ಎರಡು ದಿನಕ್ಕೆ ಬಿಟ್ಟರು. ಬಿಟ್ಟರೇನು ಬಂತು? ಕಳ್ಳ ಎನ್ನುವ ಹೆಸರು ನನಗಿಂತ ಮೊದಲೇ ರೈಲು ಹತ್ತಿ ಬೀದರಿಗೆ ಹೋಗಿತ್ತು, ಬಂಡಿ ಹತ್ತಿ ಔರಾದಿಗೆ ಹೋಗಿತ್ತು. ಔರಾದಿನಲ್ಲಿ ಗಡಿಯಾರ ರಿಪೇರಿಗೆ ಕೊಟ್ಟವರು ರಿಪೇರಿಗೆ ಮುಂಚೆಯೇ ಬಂದು ಗಡಿಯಾರ ವಾಪಸು ಒಯ್ದರು. ರೇಡಿಯೋ ಇದ್ದ ಮನೆಗಳ ಬಾಗಿಲು ನನಗೆ ಮುಚ್ಚಿದವು. ಕೈಗುಣ ಇದ್ದು ಪ್ರಯೋಜನವೇನು, ಕೈಯನ್ನೇ ಯಾರೂ ಮನೆಯೊಳಗೆ ಬಿಡದಿದ್ದರೆ?

ಆ ಬೇಸಿಗೆ ನನಗೆ ನೆರಳು ಕೊಟ್ಟವರು ಬೀದರಿನ ಹುಸೇನ ಸಾಬರು. ಬಿದರಿ ಕೆಲಸದ ಮುದುಕ ಉಸ್ತಾದರು. ಸತುವು ತಾಮ್ರ ಎರಕ ಹೊಯ್ದು, ಗೀರಿ, ಬೆಳ್ಳಿ ತಂತಿ ಕೂಡಿಸಿ, ಕೋಟೆಯ ಹಳೇ ಗೋಡೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಲ್ಲಿ ಅದ್ದಿ ತೆಗೆದರೆ ಹೂಜಿ ಕಪ್ಪಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅವರ ಕಾರ್ಖಾನೆಯ ಒಂದು ಮೂಲೆಯಲ್ಲಿ ನಾನು ಬ್ಯಾಟರಿ ದೀಪ, ಗ್ರಾಮೋಫೋನು ಸರಿ ಮಾಡುತ್ತ ಕುಳಿತಿರುತ್ತಿದ್ದೆ. ಒಂದು ದಿನ ಅವರು ಗೀರುವ ಉಳಿ ಕೆಳಗಿಟ್ಟು ಹೇಳಿದರು, "ನಿಮ್ಮ ಗಿರಣಿ ಮಿಸ್ತ್ರಿ ಬಂದಿದ್ದ ಮಿಯಾ, ನೀ ಊಟಕ್ಕ ಹೋದಾಗ. ಹೊಸಾ ದೀಪ ಬಂದದಂತ. ಬೆಸಗಿ ಹಾಕಬೇಕು, ನವಸಾಗರ ಕೊಡ್ರಿ ಅಂದ. ಕೊಟ್ಟು ಕಳಿಸೇನಿ."

ನನ್ನ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. "ತಂತಿಗಿ ನವಸಾಗರಾ?"

"ಮತ್ತೇನು ಹಚ್ತಾರ? ಬೀದರದಾಗ ಎಲ್ಲಾರೂ ಅದೇ ಹಚ್ತಾರ."

ಅದೇ ಮಾತು. ಬೀದರಿನ ಕಡೆ ಹಂಡೆ, ಹೂಜಿ, ಇಂಜಿನ್ನಿನ ತಾಮ್ರದ ಕೊಳವೆ ಯಾವುದಕ್ಕೆ ಬೆಸುಗೆ ಹಾಕಿದರೂ ಮೊದಲು ನವಸಾಗರ ತಿಕ್ಕುತ್ತಾರೆ. ಲೋಹ ಕನ್ನಡಿಯಾಗುತ್ತದೆ, ತವರ ನೀರಿನಂತೆ ಹರಿಯುತ್ತದೆ. ಹಂಡೆಯನ್ನು ಆಮೇಲೆ ತೊಳೆಯುತ್ತಾರೆ, ಸರಿ. ರೇಡಿಯೋ ತಂತಿಯನ್ನು ಯಾರು ತೊಳೆಯುತ್ತಾರೆ? ಆ ಉಪ್ಪು ಬೆಸುಗೆಯೊಳಗೆ ಕೂತಿರುತ್ತದೆ. ಅದಕ್ಕೇ ನಾವು ರಾಳ ಮಾತ್ರ ಹಚ್ಚುತ್ತೇವೆ. ಬೇಸಿಗೆಯಲ್ಲಿ ಏನೂ ಆಗುವುದಿಲ್ಲ, ನಾಗನಾಥ ಮೀಸೆ ತಿರುವಿ ಧೂಳಪ್ಪನಿಲ್ಲದೆಯೂ ನಡೆಯಿತು ಎಂದು ಸಾವಕಾರರಿಗೆ ತೋರಿಸಿಯೂ ತೋರಿಸುತ್ತಾನೆ. ಮಳೆಗಾಲದ ಮೊದಲ ಹಸಿಗಾಳಿಗೆ ಆ ಉಪ್ಪು ನೀರು ಕುಡಿಯುತ್ತದೆ, ಬೆಸುಗೆ ಬೆವರುತ್ತದೆ, ಇರಬಾರದ ಕಡೆಗೆಲ್ಲ ವಿದ್ಯುತ್ತು ಹರಿಯುತ್ತದೆ. ಸರಿಯಾಗಿ ಶ್ರಾವಣಕ್ಕೆ, ಊರೆಲ್ಲ ಕೂತಾಗ.

ನಾನು ನಕ್ಕೆ. ಚೌಕಿಯಿಂದ ಬಂದ ಮೇಲೆ ಅದೇ ಮೊದಲ ನಗು.

ಹುಸೇನ ಸಾಬರಿಗೆ ಎಲ್ಲ ತಿಳಿಸಿ ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಒಂದು ಕಾರ್ಡು ಬರದು ಹಾಕು ಮಿಯಾ. ತೊಳದು ಮತ್ತೊಮ್ಮೆ ಹಾಕ್ಲಿ."

"ನಾ ಯಾಕ ಬರೀಲಿರಿ?"

"ಮಾಲು ಕೊಟ್ಟಾಂವ ನಾನು. ಪಾಪ ನನಗ ಬಡೀತದ."

"ನಿಮಗ ಏನೂ ಬಡಿಯಂಗಿಲ್ಲರಿ ಉಸ್ತಾದ. ಬಡೀಬೇಕಾದವರಿಗೇ ಬಡೀಲಿ. ಮಳಿ ಬರ್ಲಿ."

ಆ ವರ್ಷ ನಾನು ಕಾದಷ್ಟು ಮಳೆಯನ್ನು ಯಾವ ರೈತನೂ ಕಾದಿರಲಾರ. ಮೃಗಶಿರ ಒಣಗಿ ಹೋಯಿತು. ಹುಡಿ ಹಾರುವ ಆಕಾಶ ನೋಡಿ ಜನ ಕೈ ಮುಗಿದರು, ನಾನು ಬಯ್ದೆ. ಅವರಿಗೆ ಜೋಳ ಬೇಕಾಗಿತ್ತು, ನನಗೆ ತೇವ ಬೇಕಾಗಿತ್ತು. ಆರಿದ್ರೆಯ ಕೊನೆಗೆ ಒಂದು ಮಧ್ಯಾಹ್ನ ಕೋಟೆಯ ಕಡೆಯಿಂದ ಕಪ್ಪಗೆ ಎದ್ದು ಬಂದು ಸುರಿಯಿತು ನೋಡಿ, ಓಣಿಗಳಲ್ಲಿ ಕೆಂಪು ನೀರು ಮೊಣಕಾಲಿಗೆ ಬಂತು. ನಾನು ಹೊರಗೆ ನಿಂತು ತೊಯಿಸಿಕೊಂಡೆ. ಭಾಲ್ಕಿಯ ಕರಿಮಣ್ಣಿನ ಮೇಲೂ ಇದೇ ಮೋಡ, ಆ ಸಾಗವಾನಿ ಪೆಟ್ಟಿಗೆಯ ಬಿರುಕುಗಳಲ್ಲೂ ಇದೇ ಗಾಳಿ ಎಂದು ನೆನೆದು ನೆನೆದು ಖುಷಿಪಟ್ಟೆ. ಮೈಯೆಲ್ಲ ನಡುಗುತ್ತಿತ್ತು, ಹೊಟ್ಟೆ ಮಾತ್ರ ತಂಪಾಗಿತ್ತು.

ಆ ದಿನಗಳಲ್ಲೇ ದೂರದ ಜೇನಿನ ಗುಟ್ಟೂ ನನಗೆ ಹೊಳೆಯಿತು. ಸಿಟ್ಟಿಗೆ ಬುದ್ಧಿ ಚುರುಕು ಮಾಡುವ ಗುಣವಿದೆ. ಗಿರಣಿಯಲ್ಲಿ ನೆಲದ ತಂತಿ ಎರಡು ಕಡೆ ಹೂತಿದ್ದೆವು, ಇಂಜಿನ್ನಿನ ಹತ್ತಿರ ಒಂದು, ಧ್ವನಿವರ್ಧಕದ ಹತ್ತಿರ ಒಂದು. ಎರಡರ ನಡುವೆ ಮಣ್ಣಿನಲ್ಲೇ ಸುತ್ತು ಹಾಕಿ ಆ ಸದ್ದು ಬರುತ್ತಿತ್ತು. ಒಂದನ್ನು ಕತ್ತರಿಸಿದರೆ ಸಾಕು. ಬೆಂಚಿನ ಮೇಲೆ ಸೀಮೆಸುಣ್ಣದಿಂದ ಬರೆದು ನೋಡಿದೆ, ಅಳಿಸಿದೆ, ಯಾರಿಗೂ ಹೇಳಲಿಲ್ಲ.

ಶ್ರಾವಣ ಹಿಡಿದು ನಾಲ್ಕನೆಯ ದಿನ ಸಾವಕಾರರ ಗುಮಾಸ್ತ ಗೊಂಗಡಿ ಹೊದ್ದು ಮಳೆಯಲ್ಲಿ ಬಂದ. "ಸಾವಕಾರರು ಕರದಾರ. ಈಗೇ ನಡೀರಿ."

"ಕಳ್ಳನ ಕರಕೊಂಡು ಹೋಗ್ತೀರೇನು? ಅಮೀನರಿಗಿ ಕೇಳೇರೇನು?"

ನಾನು ಮೊದಲೇ ಕಟ್ಟಿಟ್ಟಿದ್ದ ಚೀಲ ತೆಗೆದುಕೊಂಡು ರೈಲು ಹತ್ತಿದೆ.

ಗಿರಣಿಯ ಅಂಗಳದಲ್ಲಿ ತಗಡಿನ ಚಪ್ಪರ. ಸ್ವಾಮಿಗಳು ಗದ್ದುಗೆಯ ಮೇಲೆ ಮೈಕಿನ ಮುಂದೆ. ಹಾರ್ನಿನಿಂದ ಚಟಚಟ, ಬರಬರ, ನಡುನಡುವೆ ಒಂದು ಸೀಟಿ. ಹಿಂದೆ ಕೂತ ಒಬ್ಬ, "ಸ್ವಾಮಿಗಳು ಪುರಾಣ ಹೇಳ್ಲಿಕತ್ಯಾರೋ, ಸಂಡಿಗಿ ಕರೀಲಿಕತ್ಯಾರೋ" ಎಂದ. ಸುತ್ತಲಿನವರು ಬಾಯಿಗೆ ಸೆರಗು, ವಲ್ಲಿ ಒತ್ತಿಕೊಂಡು ನಕ್ಕರು. ಸಾವಕಾರರ ಮುಖ ನೋಡುವ ಹಾಗಿರಲಿಲ್ಲ. ನಾಗನಾಥ ಇಂಜಿನ್ನಿನ ಮನೆಯ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ಒಳಗೆ ಸರಿದ.

ಮರುದಿನ ಮುಂಜಾನೆ ಪೆಟ್ಟಿಗೆಯ ಮುಚ್ಚಳ ತೆಗೆದೆ. ಹೊಸ ದೀಪದ ಕೆಳಗೆ ಬೆಸುಗೆಗಳ ಸುತ್ತ ಹಸಿರು ಬಿಳುಪು ಬೂಸಿನಂಥ ಉಪ್ಪು. ಬೆರಳಿಟ್ಟರೆ ಒದ್ದೆ. ನನ್ನ ಎಣಿಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಅಲ್ಲಿ ನಾನು ಎಣಿಸದಿದ್ದದ್ದೂ ಒಂದಿತ್ತು. ಕಂಡೆನ್ಸರಿನ ಸುತ್ತ ನಾನು ಹೊಯ್ದ ಮೇಣದಲ್ಲಿ ಏನೋ ಮಿನುಗಿತು. ಸೂಜಿಯಿಂದ ಎಬ್ಬಿಸಿದೆ. ಒಳಬದಿಗೆ ಬೆಳ್ಳಿಯ ಬಣ್ಣ ಹತ್ತಿದ ತೆಳು ಗಾಜಿನ ಚೂರು. ಒಂದಲ್ಲ, ಏಳೆಂಟು. ಹಳೆಯ ದೀಪದ ಚೂರುಗಳು. ಮೇಣ ಮೆತ್ತಗಾಗುವುದು ಯಂತ್ರ ನಡೆದು ಕಾದಾಗ ಮಾತ್ರ. ಹಾಗಾದರೆ ದೀಪ ಯಾರೂ ಕದ್ದಿಲ್ಲ. ನಾನು ಊರಲ್ಲಿಲ್ಲದಾಗ ಯಾರೋ ಯಂತ್ರ ನಡೆಸಿದ್ದಾರೆ, ಬಿಸಿಯಿದ್ದಾಗಲೇ ಕೈ ಹಾಕಿದ್ದಾರೆ, ದೀಪ ಬುಡ ಸಮೇತ ಅಲ್ಲೇ ಒಡೆದಿದೆ.

ತಿರುಗಿ ನೋಡಿದರೆ ನಾಗನಾಥ ನನ್ನ ಬೆನ್ನ ಹಿಂದೆ ನಿಂತಿದ್ದ. ನನ್ನ ಅಂಗೈಯಲ್ಲಿದ್ದ ಚೂರುಗಳನ್ನು ನೋಡಿ ಹಾಗೆಯೇ ಕುಕ್ಕರುಗಾಲಲ್ಲಿ ಕೂತ.

"ಹೋಳಿ ದಿನ ಗ್ರಾಮೋಫೋನು ಜೋಡಿಸಿ ಯಂತ್ರ ಹಚ್ಚಿದ್ದೆ. ಗೌರಾಗ ಹಾಡು ಕೇಳಸೋಣಂತ. ಅಕಿ ನೀರು ತಗೊಂಡು ಬರೋದ್ರಾಗ ದೀಪ ಒರಸ್ಲಿಕ್ಕ ಹೋದೆ, ನಟ್ಟು ಬಿಗಿಯೋ ಪಾನಾ ಕೈ ಜಾರಿ ಮ್ಯಾಲ ಬಿತ್ತು. ಏನರೆ ಒಡದ್ರ ಮನಿ ಖಾಲಿ ಮಾಡಸ್ತೇನಿ ಅಂದಿದ್ರು ಸಾವಕಾರರು. ಹೆದರಿದೆ ಧೂಳಪ್ಪಾ."

"ಹೆದರಿ ನನ್ನ ಹೆಸರು ಹೇಳಿದಿ."

"ಕಳವು ಅಂದ್ರ ನಾಕು ದಿನ ಮಾತಾಡಿ ಬಿಡ್ತಾರ ಅಂತ ತಿಳದೆ. ಕೈ ಕಟ್ತಾರಂತ ತಿಳೀಲಿಲ್ಲೋ. ನಡಿ, ಈಗೇ ಸಾವಕಾರರ ಕಾಲು ಹಿಡೀತೇನಿ. ಎಲ್ಲಾ ಒಪ್ಕೋತೇನಿ."

"ಸಾವಕಾರರ ಮುಂದಲ್ಲ. ಮಂಗಲದ ದಿನ, ಸ್ವಾಮಿಗಳು ಪುರಾಣ ಮುಗಿಸಿದ ಮ್ಯಾಲ, ಮೈಕಿನ್ಯಾಗ ಹೇಳು."

ಅವನ ಮುಖ ಬಿಳಿಚಿತು. "ಮೈಕಿನ್ಯಾಗ ಬ್ಯಾಡೋ. ಗೌರಾಗ ಗೊತ್ತಿಲ್ಲ. ನೀನೇ ಕದ್ದಿ ಅಂತ ಅಕಿಗಿ ಹೇಳೇನಿ. ಬೇಕಾದ್ದು ಮಾಡು, ಅಕಿ ಕಿವಿಗಿ ಬೀಳೋದು ಬ್ಯಾಡ."

"ಅಕಿ ನನ್ನ ಮಾರಿ ಮ್ಯಾಲ ಬಾಗಲಾ ಹಾಕ್ಯಾಳ" ಎಂದೆ. "ಹೇಳ್ತಿಯೋ, ಈ ಗಾಜು ಅಮೀನರಿಗಿ ಕೊಡ್ಲೋ?"

ಯಾಕೆ ಮುಚ್ಚಿಡಲಿ, ನನಗೆ ಬೇಕಾಗಿದ್ದದ್ದು ಅದೇ. ಊರು ಕೇಳಬೇಕು, ಊರಿಗಿಂತ ಮೊದಲು ಆಕೆ ಕೇಳಬೇಕು.

ಪುರಾಣ ಮುಗಿಯುವ ಮಂಗಲದವರೆಗೆ ಮೈಕು ಇಲ್ಲ, ಅಂದು ನೋಡಿರಿ ಎಂದು ಸಾವಕಾರರಿಗೆ ಹೇಳಿ ಕೆಲಸಕ್ಕೆ ಕೂತೆ. ಉಪ್ಪು ಹಿಡಿದ ಬೆಸುಗೆಗಳನ್ನು ಸ್ಪಿರಿಟಿನಲ್ಲಿ ತೊಳೆದರೆ ಯಂತ್ರ ನಡೆಯುತ್ತಿತ್ತು. ನನಗೆ ನಡೆದರೆ ಸಾಲದು. ಒಂದೊಂದೂ ತಂತಿ ಕತ್ತರಿಸಿ ಬಿಸಾಕಿದೆ. ಹೊಸ ತಂತಿ ಎಳೆದು ರಾಳ ಹಚ್ಚಿ ಬೆಸೆದೆ, ಮೇಲೆ ಮೇಣ ಹೊಯ್ದು ಗಾಳಿಯಾಡದಂತೆ ಮಾಡಿದೆ. ಡೈನಮೋದ ತಾಮ್ರದ ಬಳೆಯನ್ನು ಗಾಜುಕಾಗದದಿಂದ ತಿಕ್ಕಿ ಕಿಡಿ ನಿಲ್ಲಿಸಿದೆ. ಇನ್ನೆರಡು ಕಾಯಿಲ್ಲು ಸುತ್ತಿದೆ. ಕೊನೆಗೆ ಇಂಜಿನ್ನಿನ ಬದಿಯ ನೆಲದ ತಂತಿಯನ್ನು ಕತ್ತರಿಸಿದೆ. ಜೇನು ಸತ್ತಿತು. ಕಟ್ಟುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ನಾಗನಾಥ ಹೇಳುವ ಮಾತು ಮಾತ್ರವಲ್ಲ, ಮಾತಿಗೆ ಮೊದಲು ಅವನು ಉಗುಳು ನುಂಗುವುದೂ ಊರಿಗೆ ಕೇಳಬೇಕು. ಅವನು ಅಡಗಲು ಒಂದು ಎಳೆ ಗುಂಯ್ ಕೂಡ ಇರಬಾರದು. ಒಳ್ಳೆಯ ಕೆಲಸವನ್ನು ಪ್ರೀತಿಯಿಂದ ಮಾಡುತ್ತಾರೆ ಅನ್ನುತ್ತಾರಲ್ಲ, ನನ್ನ ಜೀವಮಾನದ ಅತ್ಯುತ್ತಮ ಕೆಲಸವನ್ನು ನಾನು ಹಗೆಯಿಂದ ಮಾಡಿದೆ.

ಈ ಸಲ ಕೇಳಿ ಹೇಳಲು ವೈನಿ ಬರಲಿಲ್ಲ. ಕಳ್ಳ ಕೆಲಸ ಮಾಡುವ ಕಡೆ ಆಕೆ ಹಾಯಲೂ ಇಲ್ಲ. ಮೈಕಿನ ಮುಂದೆ ನನ್ನ ಜೇಬುಗಡಿಯಾರ ಇಟ್ಟು ಬಜಾರದ ತನಕ ನಡೆದೆ. ಅಲ್ಲಿ, ಚೌಕಿಗೆ ಮುಖ ಮಾಡಿ, ಎರಡನೆಯ ಹಾರ್ನು ಕಟ್ಟಿದ್ದೆ. ಟಿಕ್, ಟಿಕ್, ಟಿಕ್. ಎರಡು ಟಿಕ್ಕುಗಳ ನಡುವೆ ಏನೂ ಇಲ್ಲ. ಕಿರಾಣಿ ಅಂಗಡಿಯವನು ಹೊರಗೆ ಬಂದು ಆಕಾಶ ನೋಡಿದ.

ಮಂಗಲದ ಹಿಂದಿನ ದಿನ ಸಾವಕಾರರು ನನ್ನನ್ನು ಒಳಗೆ ಕರೆದರು. ನಾಗನಾಥ ಅವರ ಮುಂದೆ ಎಲ್ಲ ಹೇಳಿ ಅತ್ತಿದ್ದನಂತೆ. "ಹತ್ತು ಮಂದಿ ಹಿರ್ಯಾರನ್ನ ಕೂಡಸ್ತೇನಿ. ಅವರ ಮುಂದ ನಿನ್ನ ಹೆಸರು ತೊಳೀತೇನಿ. ಸಣ್ಣ ಮನಷ್ಯಾ ಅಂವ, ಬಿಟ್ಟುಬಿಡು" ಎಂದರು.

"ನನ್ನ ಹತ್ತು ಮಂದಿ ನೋಡ್ಲಿಲ್ಲರಿ ಸಾವಕಾರ. ಊರು ನೋಡೇದ" ಎಂದೆ.

ಮಂಗಲದ ಮುಂಜಾನೆ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಅಂಗಳ ತುಂಬಿ ಜನ ಗೋಡೆಯ ಮೇಲೂ ಕೂತಿದ್ದರು. ಸ್ವಾಮಿಗಳ ದನಿ ಹಾರ್ನಿನಿಂದ ಹಾಲಿನ ಹಾಗೆ ಬಂತು. ಅವರು ಪುಟ ತಿರುವುವ ಸದ್ದು ಕೇಳಿ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುರಾಣ ಮುಗಿಯಿತು, ಆರತಿಯಾಯಿತು. ಸಾವಕಾರರು ಸ್ವಾಮಿಗಳ ಕಿವಿಯಲ್ಲಿ ಏನೋ ಹೇಳಿದರು. ಸ್ವಾಮಿಗಳು ನನ್ನ ಕಡೆ ಒಂದು ಗಳಿಗೆ ನೋಡಿ, ಮೈಕು ಬಿಟ್ಟು ಹಿಂದೆ ಸರಿದು ಕೂತರು.

ನಾಗನಾಥ ಬಂದು ನಿಂತ. ಉಗುಳು ನುಂಗಿದ. ಗಟಕ್ ಎನ್ನುವ ಆ ಸದ್ದು ಅಂಗಳಕ್ಕೂ ಬಜಾರಕ್ಕೂ ಚೌಕಿಗೂ ಕೇಳಿತು. ನನ್ನ ಮೈಯೆಲ್ಲ ಸುಖದಿಂದ ಜುಮ್ಮೆಂದಿತು. ಸುಳ್ಳು ಹೇಳಿದರೆ ಏನು ಬಂತು, ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

"ಹೋಳಿ ಹಬ್ಬದಾಗ..." ಎಂದು ಶುರು ಮಾಡಿ ನಿಲ್ಲಿಸಿದ. ಹೆಂಗಸರ ಬದಿಗೆ ಎರಡನೆಯ ಸಾಲಿನಲ್ಲಿ ವೈನಿ ಕೂತಿದ್ದಳು. ಅವನು ಮೈಕಿನಿಂದ ಮುಖ ಅತ್ತ ತಿರುಗಿಸಿ, ತುಟಿ ಅಲ್ಲಾಡಿದವೋ ಇಲ್ಲವೋ ಅನ್ನುವ ಹಾಗೆ ಪಿಸುಗುಟ್ಟಿದ. ಮೊದಲಿನ ಯಂತ್ರವಾಗಿದ್ದರೆ ಅದು ಗುಂಯ್‌ನಲ್ಲಿ ಮುಳುಗಿಹೋಗುತ್ತಿತ್ತು. ನನ್ನ ಯಂತ್ರ ಅದನ್ನು ಹಿಡಿದು, ದೊಡ್ಡ ದನಿ ಮಾಡಿ, ಊರ ತುಂಬ ಕೂಗಿ ಹೇಳಿತು.

"ಗೌರಾ, ಮನಿಗಿ ಹೋಗು. ನೀ ಕೇಳಬ್ಯಾಡ."

ವೈನಿ ಏಳಲಿಲ್ಲ. ಅವನು ಮತ್ತೆ ಮೈಕಿಗೆ ತಿರುಗಿ, ದೀಪ ಒಡೆದವನು ತಾನು, ಧೂಳಪ್ಪ ಕಳ್ಳನಲ್ಲ, ತನ್ನ ಸುಳ್ಳಿನಿಂದ ಅವನ ಕೈ ಕಟ್ಟಿದರು ಎಂದು ಒಂದೊಂದೇ ಮಾತು ಹೇಳಿ ಮುಗಿಸಿದ. ಒಂದು ಮಾತೂ ಬಿಡಲಿಲ್ಲ. ಅಷ್ಟನ್ನೂ ಜನ ಕೇಳಿದರು, ಆದರೆ ಅವರು ಮನೆಗೆ ಒಯ್ದದ್ದು ಆ ಪಿಸುಮಾತನ್ನು. ಭಾಲ್ಕಿಯಲ್ಲಿ ಗಂಡ ಹೆಂಡತಿ ಜಗಳವಾದರೆ "ಗೌರಾ, ನೀ ಕೇಳಬ್ಯಾಡ" ಎಂದು ಅಣಕಿಸುವುದು ವರ್ಷಗಟ್ಟಲೆ ನಡೆಯಿತು. ನಾಗನಾಥನಿಗೆ ಅದು ಆಗಬೇಕಾದದ್ದೇ. ಅವನನ್ನು ನಾನು ಕ್ಷಮಿಸಿಲ್ಲ, ಅವನು ಸತ್ತ ಸುದ್ದಿ ಬಂದ ದಿನವೂ ಕ್ಷಮಿಸಲಿಲ್ಲ.

ಜನ ನನ್ನನ್ನು ಸುತ್ತುವರಿದರು. ಒಬ್ಬರು ಹೆಗಲ ಮೇಲೆ ವಲ್ಲಿ ಹೊದಿಸಿದರು, ಅಮೀನ ಸಾಹೇಬರು ಬಂದು ಕೈ ಹಿಡಿದರು. ಆ ಗದ್ದಲ ಕರಗಿದ ಮೇಲೆ ನೋಡಿದೆ, ವೈನಿ ಹಾರ್ನಿನ ಕೆಳಗೆ ನಿಂತಿದ್ದಳು. ಯಂತ್ರ ಇನ್ನೂ ನಡೆದಿತ್ತು, ಮೈಕಿನ ಮುಂದೆ ಯಾರೂ ಇರಲಿಲ್ಲ. ಆಕೆ ಚಳಿಗಾಲದಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕತ್ತು ಓರೆ ಮಾಡಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದಳು. ಆಮೇಲೆ ನನ್ನ ಹತ್ತಿರ ಬಂದಳು. ಬಾಗಿಲು ಹಾಕಿಕೊಂಡದ್ದಕ್ಕೆ ಏನಾದರೂ ಹೇಳುತ್ತಾಳೆ ಎಂದು ನಾನು ಕಾದೆ. ಅದಕ್ಕೆ ಏನು ಉತ್ತರ ಕೊಡಬೇಕೆಂದು ಬೇಸಿಗೆಯಿಂದ ಕಟ್ಟಿಟ್ಟುಕೊಂಡಿದ್ದೆ.

"ಗುಂಯ್ ಹೋತು ತಮ್ಮಾ" ಎಂದಳು. "ಒಂದೀಟೂ ಇಲ್ಲ."

ಅಷ್ಟೇ ಹೇಳಿ ಸೆರಗು ತಲೆಯ ಮೇಲೆ ಎಳೆದುಕೊಂಡು ಗಿರಣಿಯ ಮನೆಯ ಕಡೆ ಹೋಗದೆ ಹೊರಬಾಗಿಲು ದಾಟಿದಳು. ಆಕೆಯ ತವರಿನ ಕಡೆ ಹೋಗುವ ಬಂಡಿಗಳು ನಿಲ್ಲುವುದು ಚೌಕಿಯ ಆಚೆ, ಅಲ್ಲಿಗೆ ಬಜಾರದ ಅದೇ ಒಂದು ರಸ್ತೆ. ನಾನು ವಲ್ಲಿ ಹೊದ್ದು ಬಾಗಿಲಲ್ಲಿ ನಿಂತು ನೋಡಿದೆ. ಆಕೆ ರಸ್ತೆಯ ನಡುವೆ ಒಬ್ಬಳೇ ನಡೆದು ಹೋಗುತ್ತಿದ್ದಳು, ಎರಡೂ ಬದಿಯ ಅಂಗಡಿಗಳಲ್ಲಿ ಜನ ತಕ್ಕಡಿ ಕೆಳಗಿಟ್ಟು ಎದ್ದು ನಿಂತಿದ್ದರು.